ಕಿವಿ ಮೇಸ್ತ್ರಿ ಕೂರಿಸಿದ ಹಳೆಯ ಎಂಜಿನ್

ನನ್ನ ಭಾವನಿಗೆ ಊರವರು ಇಟ್ಟ ಹೆಸರು ಕಿವಿ ಮೇಸ್ತ್ರಿ. ಕಿವಿ ದೊಡ್ಡದೆಂದಲ್ಲ, ಗಾಡಿ ಇನ್ನೂ ತಿರುವಿನ ಆಚೆ ಇರುವಾಗಲೇ ಅದರ ಕಾಯಿಲೆ ಹೇಳಿಬಿಡುತ್ತಿದ್ದರು ಎಂದು. ಊಟದ ತಟ್ಟೆಯಿಂದ ತಲೆಯೆತ್ತದೆ "ಎರಡನೇ ನಾಝಲ್ ಉಗುಳ್ತಾ ಇದೆ" ಎಂದರೆ, ಐದು ನಿಮಿಷಕ್ಕೆ ಆ ಗಾಡಿ ನಮ್ಮ ಬಾಗಿಲಲ್ಲಿ ನಿಂತು ಹೊಗೆ ಕಾರುತ್ತಿತ್ತು. ಒಮ್ಮೆ ಯಾರೋ ದೂರದಿಂದ ಫೋನ್ ಮಾಡಿ ಗೋಳಾಡಿದಾಗ, "ನೀನು ಬಾಯಿ ಮುಚ್ಚು, ಫೋನನ್ನ ಬಾನೆಟ್ ಮೇಲಿಡು" ಎಂದು ಗದರಿ, ಅರ್ಧ ನಿಮಿಷ ಕೇಳಿ, ಫ್ಯಾನಿಗೆ ಬಟ್ಟೆ ಸಿಕ್ಕಿದೆ ಎಂದರು. ಸಿಕ್ಕಿತ್ತು. ಗೋಳಾಡಿದವನದೇ ಕರವಸ್ತ್ರ.

ನಾನು ಅವರ ಗ್ಯಾರೇಜಿನ ಶೆಡ್ಡಿನ ಮೂಲೆಯಲ್ಲಿ ಗಾಡಿಗಳ ಸೀಟು ಹೊಲಿಯುತ್ತೇನೆ. ಹದಿನಾರು ವರ್ಷವಾಯಿತು. ಅಕ್ಕನ ಗಂಡ ಜಾಗ ಕೊಟ್ಟಿದ್ದಾರೆ, ಅದಕ್ಕೆ ಪ್ರತಿಯಾಗಿ ನಾನು ಅವರ ಉಪದೇಶ ಕೇಳಬೇಕು. ನನ್ನ ಹೊಲಿಗೆ ಯಂತ್ರ ಕೂಡ ಅವರ ಕಿವಿಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. "ಎಣ್ಣೆ ಬಿಡು, ಅಳ್ತಾ ಇದೆ ಪಾಪ" ಎಂದು ಲಾರಿಯ ಅಡಿಯಿಂದಲೇ ಕೂಗುತ್ತಿದ್ದರು. ನನಗೋ ಮೈಯೆಲ್ಲ ಉರಿಯುತ್ತಿತ್ತು, ಆದರೆ ಎಣ್ಣೆ ಬಿಡುತ್ತಿದ್ದೆ.

ಅವರ ಅಪ್ಪನದು ಹಿಟ್ಟಿನ ಗಿರಣಿ. ಡೀಸೆಲ್ ಎಂಜಿನ್ನಿನ ಪಕ್ಕದಲ್ಲೇ ತೊಟ್ಟಿಲು ಕಟ್ಟಿದ್ದರಂತೆ. ಎಂಜಿನ್ ಓಡುತ್ತಿದ್ದಷ್ಟು ಹೊತ್ತೂ ಮಗುವಿಗೆ ಗಾಢ ನಿದ್ದೆ, ನಿಂತ ತಕ್ಷಣ ಕಿರುಚಾಟ. ದೊಡ್ಡವರಾದ ಮೇಲೂ ಅಷ್ಟೆ, ಮೌನದಲ್ಲಿ ಅವರಿಗೆ ಸಮಾಧಾನವಿಲ್ಲ. ಅವರ ಕೈಯಲ್ಲಿ ಸದಾ ಒಂದು ಮೊಳದುದ್ದದ ಸ್ಕ್ರೂಡ್ರೈವರ್. ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತರೆಂದರೆ ಇಡೀ ಶೆಡ್ಡು ಉಸಿರು ಬಿಗಿಹಿಡಿಯಬೇಕು. ಆಮೇಲೆ ಅವರು ಹೇಳಿದ್ದೇ ತೀರ್ಪು.

ಈ ಕಿವಿಯ ಮೇಲೆಯೇ ಅವರ ಸಂಸಾರ ನಡೆದದ್ದು, ಈ ಕಿವಿಯಿಂದಲೇ ಅವರಿಗೆ ಸೊಕ್ಕು ಬಂದದ್ದು.

ದನದ ಡಾಕ್ಟರಮ್ಮ ತಮ್ಮ ಗಾಡಿ ತಂದದ್ದು ಹೀಗೇ, ಆ ಕಿವಿಯನ್ನು ನಂಬಿ. ನಾಲ್ಕು ಚಕ್ರಕ್ಕೂ ಬಲ ಹೋಗುವ ಗಾಡಿ, ಮೂರೇ ವರ್ಷ ಹಳೆಯದು, ಒಳಗೆ ಎಲ್ಲವೂ ಕಂಪ್ಯೂಟರ್. ಬೆಟ್ಟದ ಮೇಲಿನ ಕೊಟ್ಟಿಗೆಗಳಿಗೆ ಅವರೊಬ್ಬರೇ ಡಾಕ್ಟರ್. ಹೋದ ತಿಂಗಳು ತೊರೆ ದಾಟುವಾಗ ಹಳದಿ ದೀಪ ಹತ್ತಿ ಎಂಜಿನ್ ಸೊರಗಿ ನಿಂತುಬಿಟ್ಟಿತಂತೆ. ಆಚೆ ದಡದಲ್ಲಿ ಹಸುವೊಂದು ಈಯಲಾಗದೆ ಒದ್ದಾಡಿ ಸತ್ತಿತು. ಇವರು ನೀರಿನ ನಡುವೆ ಸ್ಟೀರಿಂಗ್ ಹಿಡಿದುಕೊಂಡು ಕೂತಿದ್ದರು.

"ಕಂಪ್ಯೂಟರ್ ಇಲ್ಲದ ಎಂಜಿನ್ ಹಾಕಿಕೊಡಿ ಮೇಸ್ತ್ರಿಗಳೇ" ಎಂದರು. "ಕೆಡಲಿ, ಪರವಾಗಿಲ್ಲ. ಯಾಕೆ ಕೆಡ್ತು ಅಂತ ನನಗೆ ಗೊತ್ತಾಗ್ಬೇಕು, ಅಷ್ಟೇ."

ಭಾವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಎದುರು ಸಾಲಿನಲ್ಲಿ ಹೊಸ ಗ್ಯಾರೇಜು ಬಂದ ಮೇಲೆ ನಮ್ಮ ಕಡೆ ಹೊಸ ಗಾಡಿ ಸುಳಿಯುವುದೇ ಕಡಿಮೆಯಾಗಿತ್ತು. ಅಲ್ಲಿ ವೈರು ಚುಚ್ಚಿ ಪರದೆ ನೋಡುತ್ತಾರೆ, ಎಂಜಿನ್ನಿಗೆ ಯಾರೂ ಕಿವಿಗೊಡುವುದಿಲ್ಲ. "ಡೀಸೆಲ್ಲು, ಗಾಳಿ, ಎರಡು ಕೊಟ್ರೆ ಸಾಕು, ನಾನು ಹಾಕೋ ಎಂಜಿನ್ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಓಡುತ್ತೆ" ಎಂದರು. ಡಾಕ್ಟರಮ್ಮನಿಗೆ ಮದುವೆಯೇ ಆಗಿಲ್ಲ ಎಂದು ನಾನು ನೆನಪಿಸಿದೆ. ಕೇಳಿಸದವರಂತೆ ಹೊರಟುಹೋದರು. ನಾನು ಅದನ್ನು ಜಾಣ ಕಿವುಡು ಎಂದುಕೊಂಡೆ.

ಮರದ ಮಿಲ್ಲಿನ ಮೂಲೆಯಲ್ಲಿ ಬಿದ್ದಿದ್ದ, ಇಪ್ಪತ್ತೈದು ವರ್ಷ ಹಳೆಯ ಜೀಪಿನ ಎಂಜಿನ್ ಬಂತು. ಅದನ್ನು ಬಿಚ್ಚಿ, ತೊಳೆದು, ಪಿಸ್ಟನ್ನಿನ ಉಂಗುರ ಬದಲಿಸಿ, ಹೊಸ ಗಾಡಿಯ ಮೈಯೊಳಗೆ ಇಳಿಸುವುದಕ್ಕೆ ಐದು ವಾರ ಹಿಡಿಯಿತು. ಎಂಜಿನ್ನಿಗೆ ಕಾಲು ಊರಲು ಅಲ್ಲಿ ಜಾಗವಿಲ್ಲ, ಬೆಸುಗೆಯವನು ಅದಕ್ಕೆ ಹೊಸ ಕಾಲು ಬೆಸೆದುಕೊಟ್ಟ. ಹಳೆಯ ಎಂಜಿನ್ನಿಗೂ ಹೊಸ ಗೇರ್‌ಬಾಕ್ಸಿಗೂ ಬೋಲ್ಟುಗಳು ಹೊಂದುವುದಿಲ್ಲ, ಲೇತಿನವನು ನಡುವೆ ಕೂರುವ ದಪ್ಪ ತಟ್ಟೆಯೊಂದನ್ನು ಕಡೆದುಕೊಟ್ಟ. ಕೀ ತಿರುಗಿಸಿದರೂ ಹಳೆಯ ಎಂಜಿನ್ ನಿಲ್ಲುವುದಿಲ್ಲ, ಅದಕ್ಕೆ ಎಳೆಯುವ ತಂತಿ ಹಾಕಿದರು. ಎದುರಿನ ಫಲಕದಲ್ಲಿ ಇದ್ದಬದ್ದ ದೀಪವೆಲ್ಲ ಹತ್ತಿಕೊಂಡು ಆರಲೇ ಇಲ್ಲ. "ಉರೀಲಿ ಬಿಡು, ಹೊಟ್ಟೆಕಿಚ್ಚು ಅದಕ್ಕೆ" ಎಂದರು ಭಾವ.

ಎಂಜಿನ್ ಮೊದಲ ಸಲ ಹತ್ತಿಕೊಂಡಾಗ ಶೆಡ್ಡಿನ ತಗಡೆಲ್ಲ ಅದುರಿತು. ಭಾವ ಮಗುವಿನಂತೆ ನಕ್ಕರು. ಎಷ್ಟೋ ತಿಂಗಳ ಮೇಲೆ ಅವರು ಹಾಗೆ ನಕ್ಕದ್ದು, ನನಗೂ ಸಂತೋಷವಾಯಿತು.

ಗಾಡಿ ಒಪ್ಪಿಸುವ ದಿನ ಬೆಳಿಗ್ಗೆ ನಾನು ಡ್ರೈವರ್ ಸೀಟಿನ ಹೊದಿಕೆ ಬಿಗಿಯುತ್ತಿದ್ದೆ. ಭಾವ ಬಾನೆಟ್ ಎತ್ತಿಕೊಂಡು ಎಂಜಿನ್ ಓಡಿಸುತ್ತಿದ್ದರು. ಹೊದಿಕೆ ಎಳೆಯಲು ಆಸರೆಗೆಂದು ನಾನು ಕ್ಲಚ್ ಪೆಡಲ್ ಮೇಲೆ ಕಾಲು ಊರಿದೆ. ಆ ಗುಡುಗಿನ ಒಳಗಿಂದ ಸಣ್ಣದೊಂದು ಶಿಳ್ಳೆ ಎದ್ದಿತು. ಕಾಲು ತೆಗೆದೆ, ನಿಂತಿತು. ಊರಿದೆ, ಮತ್ತೆ ಶಿಳ್ಳೆ.

ಸೀಟು ಹೊಲಿಯುವವಳಾದರೂ ಹದಿನಾರು ವರ್ಷ ಆ ಶೆಡ್ಡಿನ ಗಾಳಿ ಕುಡಿದಿದ್ದೇನೆ. ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಗೆರೆಯಲ್ಲಿ ಕೂರಬೇಕು. ನಡುವಿನ ತಟ್ಟೆ ಕೂದಲೆಳೆಯಷ್ಟು ಓರೆಯಾದರೂ ಒಳಗಿನ ಬೇರಿಂಗ್ ಅಳಲು ಶುರುಮಾಡುತ್ತದೆ, ಆಮೇಲೆ ಒಂದು ದಿನ ಒಡೆಯುತ್ತದೆ. ಗೇರ್ ಸಿಕ್ಕಿಕೊಳ್ಳುತ್ತದೆ. ಅದು ಬೆಟ್ಟದ ಇಳಿಜಾರಿನಲ್ಲಿ ಆದರೆ ಏನೆಂದು ನಾನು ಹೇಳಬೇಕಿಲ್ಲ. ಹಾಗಿದ್ದೂ ನನಗೆ ಮೊದಲು ಬಂದ ಯೋಚನೆ ಬೇರೆಯೇ. ತಪ್ಪಿದ್ದರೆ ಭಾವ ಹೇಳುತ್ತಿರಲಿಲ್ಲವೇ? ಅವರಿಗೆ ಕೇಳದ್ದು ನನಗೇನು ಕೇಳೀತು?

ಆಗ ಹೊಲಿಗೆ ಯಂತ್ರದ ನೆನಪಾಯಿತು. ಎಣ್ಣೆ ಬಿಡು ಎಂದು ಭಾವ ಕೂಗಿ ಎರಡು ವರ್ಷವೇ ಆಗಿತ್ತು. ಕಳೆದ ಚಳಿಗಾಲದಲ್ಲಿ ಅದು ಕಿರುಗುಟ್ಟಿ ಕಿರುಗುಟ್ಟಿ ಸಿಕ್ಕಿಕೊಂಡೇ ನಿಂತಾಗಲೂ ಅವರು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ಫೋನಿನಲ್ಲಿ ಕೇಳಿದವರಿಗೆಲ್ಲ ಈಗ "ಗಾಡೀನೇ ತನ್ನಿ" ಎನ್ನುತ್ತಾರೆ. "ಮನೇಲಿ ಗೋಡೆ ಹತ್ರ ಮಾತಾಡಿದ ಹಾಗೆ ಆಗಿದೆ ಕಣೇ, ಏನು ಕೇಳಿದ್ರೂ ಹೂಂ, ನೋಡೋಣ" ಎಂದು ಅಕ್ಕ ಅತ್ತಿದ್ದಳು. ಅವಳು ಅದನ್ನು ಬೇಸರ ಎಂದುಕೊಂಡಿದ್ದಳು, ನಾನು ಸೊಕ್ಕು ಎಂದುಕೊಂಡಿದ್ದೆ. ನಮ್ಮ ಶೆಡ್ಡಿನಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು, ಹಾಗಾಗಿ ಯಾರಿಗೂ ತಿಳಿಯಲಿಲ್ಲ.

ಕ್ಲಚ್ಚಿನ ಮೇಲಿಂದ ಕಾಲು ತೆಗೆದು, ಎರಡೂ ಪಾದ ಸೀಟಿನ ಮೇಲೆ ಮಡಚಿಕೊಂಡು ಕೂತು, ಕಿಟಕಿಯಿಂದ ತಲೆ ಹಾಕಿ ಕೂಗಿದೆ. "ಭಾವ, ಈಗ ಕ್ಲಚ್ ಒತ್ತಿದ್ದೀನಿ. ಶಿಳ್ಳೆ ಬರ್ತಾ ಇದೆ, ಕೇಳ್ತಾ?"

ಅವರು ಸ್ಕ್ರೂಡ್ರೈವರ್ ಇಟ್ಟು, ಹಿಡಿ ಕಿವಿಗೆ ಒತ್ತಿ, ಕಣ್ಣು ಮುಚ್ಚಿದರು.

"ಕೇಳ್ತು, ಕೇಳ್ತು. ಹೊಸ ಬೇರಿಂಗು. ಸ್ವಲ್ಪ ದಿನ ಓಡಿದ್ರೆ ಸುಮ್ಮನಾಗುತ್ತೆ."

ನಾನು ಬಾಗಿಲು ತೆರೆದು ನನ್ನ ಮಡಚಿದ ಕಾಲುಗಳನ್ನು ತೋರಿಸಿದೆ. ಬಾರದೇ ಇದ್ದ ಶಿಳ್ಳೆಯನ್ನು ಕೇಳಿದೆನೆಂದ ಮನುಷ್ಯ ನನ್ನ ಪಾದಗಳನ್ನು ನೋಡುತ್ತ ನಿಂತರು. ತಂತಿ ಎಳೆದು ಎಂಜಿನ್ ನಿಲ್ಲಿಸಿದರು. ಆಮೇಲೆ ನನ್ನ ತುಟಿಯನ್ನೇ ನೋಡತೊಡಗಿದರು. ಇಷ್ಟು ದಿನ ಅವರು ನನ್ನ ಮುಖ ನೋಡಿ ಮಾತಾಡುತ್ತಾರೆಂದು ತಿಳಿದಿದ್ದೆ, ನೋಡುತ್ತಿದ್ದದ್ದು ತುಟಿಯನ್ನು.

"ಯಾವಾಗಿಂದ?" ಎಂದೆ.

"ಮೂರು ವರ್ಷ. ಸಣ್ಣ ಶಬ್ದ ಮೊದಲು ಹೋಯ್ತು. ಈಗ ದಪ್ಪ ಶಬ್ದ ಮಾತ್ರ." ಬಾನೆಟ್ ಒರೆಸುತ್ತ ಹೇಳಿದರು. "ಈ ಎಂಜಿನ್ ಯಾಕೆ ಆರಿಸಿದೆ ಅಂದ್ಕೊಂಡೆ? ನನಗೆ ಇನ್ನೂ ಕೇಳೋದು ಇದೊಂದೇ."

ಅವರ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಯ್ಯೋ ಎನಿಸಿತು. "ಗೇರ್‌ಬಾಕ್ಸ್ ಇಳಿಸಿ ಭಾವ, ತಟ್ಟೆ ಓರೆ ಇದೆ" ಎಂದೆ.

"ಈಗ ಇಳಿಸಿದ್ರೆ ಎಲ್ರೂ ಯಾಕೆ ಅಂತಾರೆ. ಕಿವಿ ಮೇಸ್ತ್ರಿಗೆ ಕೇಳ್ಲಿಲ್ವಾ ಅಂತಾರೆ. ಒಂದು ವಾರ ಓಡಿಸ್ಲಿ. ಆಯಿಲ್ ಬದಲಾಯಿಸ್ಬೇಕು ಅಂತ ವಾಪಸ್ ಕರೆಸ್ತೀನಿ, ಆಗ ಸರಿ ಮಾಡ್ತೀನಿ. ನಿಮ್ಮಕ್ಕನಿಗೂ ಹೇಳಿಲ್ಲ ನಾನು. ನೀನು ಒಂದು ವಾರ ಬಾಯಿ ಮುಚ್ಕೊಂಡಿರು, ನಿನ್ನ ಕಾಲಿಗೆ ಬೀಳ್ತೀನಿ."

ಕಾಲಿಗೆ ಬೀಳುತ್ತೇನೆಂದ ಭಾವನಿಗೆ ಯಾರು ತಾನೇ ಇಲ್ಲ ಎನ್ನುತ್ತಾರೆ? ನಾನೂ ಹೂಂ ಎಂದೆ. ಒಂದು ವಾರ ತಾನೇ ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡು ಸೂಜಿಗೆ ದಾರ ಪೋಣಿಸಲು ಕೂತೆ. ದಾರ ಹೋಗಲಿಲ್ಲ.

ಮಧ್ಯಾಹ್ನ ಡಾಕ್ಟರಮ್ಮ ಔಷಧಿ ಪೆಟ್ಟಿಗೆಯೊಂದಿಗೇ ಬಂದರು. ಬೆಟ್ಟದ ಕೊನೆಯ ಕೊಟ್ಟಿಗೆಯಿಂದ ಕರೆ ಬಂದಿದೆ, ಇಲ್ಲಿಂದ ನೇರ ಅಲ್ಲಿಗೇ ಎಂದರು. ಬೆಸುಗೆಯವನೂ ಲೇತಿನವನೂ ತಮ್ಮ ಕೈಕೆಲಸ ನೋಡಲು ಬಂದು ನಿಂತಿದ್ದರು. ಡಾಕ್ಟರಮ್ಮ ಹತ್ತಿ ಕೂತು ಎಂಜಿನ್ ಹಚ್ಚಿ ಕ್ಲಚ್ ಒತ್ತಿದರು.

"ಏನೋ ಶಿಳ್ಳೆ ಹೊಡೀತಾ ಇದೆಯಲ್ಲಾ ಮೇಸ್ತ್ರಿಗಳೇ?"

ಭಾವ ಅವರ ತುಟಿಯಿಂದ ಶಿಳ್ಳೆಯನ್ನು ಹಿಡಿದರು. "ಹೊಸ ಬೇರಿಂಗು. ನಾನು ಕೇಳಿದೆ, ಏನೂ ತೊಂದ್ರೆ ಇಲ್ಲ."

"ನೀವು ಕೇಳಿದ ಮೇಲೆ ಮುಗೀತು ಬಿಡಿ" ಎಂದರು ಡಾಕ್ಟರಮ್ಮ. ಲೇತಿನವನು ತಲೆಯಾಡಿಸಿದ. ಅವನ ಮುಖ ನೋಡಿದೆ. ಅವನಿಗೂ ಶಿಳ್ಳೆ ಕೇಳಿತ್ತು, ಬೆಸುಗೆಯವನಿಗೂ ಕೇಳಿತ್ತು, ಭಾವನ ಕಿವಿಯ ಎದುರು ತಮ್ಮ ಕಿವಿಯನ್ನು ಇಬ್ಬರೂ ನಂಬಲಿಲ್ಲ.

ಡಾಕ್ಟರಮ್ಮ ಇಳಿದು ಪೆಟ್ಟಿಗೆಯನ್ನು ಹಿಂದೆ ಇಟ್ಟರು. ಭಾವ ತಂತಿ ಎಳೆದು ಎಂಜಿನ್ ನಿಲ್ಲಿಸುವುದನ್ನು ತೋರಿಸಿಕೊಟ್ಟು, ಕೀ ಕಿತ್ತು, ಬಟ್ಟೆಯಲ್ಲಿ ಒರೆಸಿ ಅವರತ್ತ ಚಾಚಿದರು. ನಾನು ಭಾವನ ಬೆನ್ನ ಹಿಂದೆ, ಎರಡು ಮಾರು ದೂರದಲ್ಲಿ ನಿಂತಿದ್ದೆ. ಹೂಂ ಎಂದು ಮಾತು ಕೊಟ್ಟಿದ್ದೆ. ಆದರೆ ಆ ಹೆಂಗಸು ಈಗಲೇ ಬೆಟ್ಟ ಹತ್ತುತ್ತಾಳೆ, ಹತ್ತಿದವಳು ಇಳಿಯಲೇಬೇಕು.

"ಡಾಕ್ಟ್ರೇ, ಗಾಡಿ ತಗೊಂಡು ಹೋಗ್ಬೇಡಿ" ಎಂದೆ. "ಭಾವನಿಗೆ ಕಿವಿ ಕೇಳಲ್ಲ. ಆ ಶಿಳ್ಳೆ ಅವರಿಗೆ ಕೇಳೇ ಇಲ್ಲ."

ನಾನು ಕೂಗಲಿಲ್ಲ, ಮನೆಯಲ್ಲಿ ಮಾತಾಡುವಷ್ಟೇ ದನಿ. ಎಂಜಿನ್ ನಿಂತಿದ್ದರಿಂದ ಶೆಡ್ಡಿನ ಮೂಲೆಮೂಲೆಗೂ ಕೇಳಿತು. ಬೆಸುಗೆಯವನು ತಲೆ ತಗ್ಗಿಸಿದ. ಕೀ ತೆಗೆದುಕೊಳ್ಳಲು ಬಂದ ಡಾಕ್ಟರಮ್ಮನ ಕೈ ಅಲ್ಲೇ ನಿಂತಿತು.

"ತಗೊಳ್ಳಿ ಡಾಕ್ಟ್ರೇ, ತಗೊಳ್ಳಿ" ಎಂದರು ಭಾವ, ನಗುತ್ತ. "ಇನ್ನು ತೊರೆಗೆಲ್ಲ ಹೆದರ್ಬೇಡಿ. ಸಮುದ್ರ ಬಂದ್ರೂ ಇಳಿಸಿ."

ಯಾರೂ ಕೀ ತೆಗೆದುಕೊಳ್ಳಲಿಲ್ಲ. ಎಲ್ಲರ ಕಣ್ಣೂ ತಮ್ಮ ಭುಜದಾಚೆ ಎಲ್ಲಿಗೋ ಹೋಗಿದೆಯೆಂದು ಭಾವನಿಗೆ ನಿಧಾನವಾಗಿ ತಿಳಿಯಿತು. ತಿರುಗಿದರು. ನನ್ನ ತುಟಿ ಅಷ್ಟರಲ್ಲಿ ಮುಚ್ಚಿತ್ತು.

"ಏನಂದೆ?" ಎಂದು ಕೇಳಿದರು.

ಅವರಿಗೆ ಕೇಳಬೇಕಾದರೆ ಬೀದಿಗೂ ಕೇಳುವಂತೆ ಕೂಗಬೇಕಿತ್ತು. ಕೂಗಿ ಹೇಳಿದೆ.