ಹಾಲಪ್ಪ ಕಾಕಾನ ಹುಡುಗಿ

ಪರದೇಶದ ಪೇರ್ಲ್ಯಾಂಡಿಗೆ ಬಂದಿಳಿದ ತುಳಸಿಗೆ ಕಾರು ಓಡಿಸಲು ಕಲಿಸಿದವರು ಹಾಲಪ್ಪ ಕಾಕಾ. ರಕ್ತಸಂಬಂಧವೇನಿಲ್ಲ, ಇಬ್ಬರೂ ಧಾರವಾಡದವರು, ಅಷ್ಟು ಸಾಲದೇ? ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಪಕ್ಕ ಕೂತು, ಅವಳು ಬ್ರೇಕ್ ಒತ್ತಿದಾಗಲೆಲ್ಲ "ಯವ್ವಾ, ಸಾವಕಾಶ!" ಎಂದು ಕೂಗುತ್ತಿದ್ದರು. ಕನ್ನಡ ಸಂಘಕ್ಕೆ ಕರೆತಂದವರೂ ಅವರೇ. ಅಲ್ಲಿ ಎಲ್ಲರೂ ಅವಳನ್ನು 'ಕಾಕಾನ ಹುಡುಗಿ' ಎನ್ನುತ್ತಿದ್ದರು. ಕಾಕಾನ ಕಣ್ಣು ಮಂದವಾದ ಮೇಲೆ ಅವರಿಗೆ ಅವಳ ಕಾರೇ ಗತಿ. ಅವರ ಉದ್ದ ಕಾಲಿಗೆಂದು ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿಯೇ ಇಟ್ಟಿದ್ದಳು.

ಸಂಘ ಹುಟ್ಟಿದಾಗಿನಿಂದ ಕಾಕಾನೇ ಅಧ್ಯಕ್ಷರು. ಚುನಾವಣೆ ಎಂದರೆ ಉಪ್ಪಿಟ್ಟು ತಿಂದು, "ಅವಿರೋಧ" ಎಂದು ಚಪ್ಪಾಳೆ ತಟ್ಟುವುದು. ಹಾಲ್ ಬುಕ್ ಮಾಡುವವಳು, ಕುರ್ಚಿ ಜೋಡಿಸುವವಳು ತುಳಸಿ. ಹಾರ ಹಾಕಿಸಿಕೊಳ್ಳುವವರು ಕಾಕಾ. ಮಕ್ಕಳಿಗೆ ಕನ್ನಡ ತರಗತಿ ಶುರು ಮಾಡೋಣವೆಂದು ಅವಳು ಗೋಗರೆದರೆ, "ಮುಂದಿನ ವರ್ಷ ನೋಡೋಣಂತ" ಎನ್ನುವರು. ಅಷ್ಟರಲ್ಲಿ ಹುಡುಗರಿಗೆ ಮೀಸೆ ಬಂತು, ಕನ್ನಡ ಬರಲಿಲ್ಲ. ಕಾಕಾ ಕೆಟ್ಟವರಲ್ಲ ಪಾಪ, ಕುರ್ಚಿ ಅಂಟಿಕೊಂಡಿತ್ತು.

೨೦೧೬ರ ವಾರ್ಷಿಕ ಸಭೆಯ ಭಾಷಣಕ್ಕೆ ವಿಷಯ ಕೊಟ್ಟವರೂ ಅವರೇ. "ಜರ್ಮನಿಯ ಆ ಮರ್ಕೆಲ್ ಬಗ್ಗೆ ಮಾತಾಡವ್ವಾ. ನಮ್ಮ ರಾಜಕೀಯ ಬ್ಯಾಡ, ಇಲ್ಲೀದೂ ಬ್ಯಾಡ, ಸುಮ್ನ ಜಗಳ ಹತ್ತತಾವ."

ತುಳಸಿ ಹೇಳತೊಡಗಿದಳು: ಪಾದ್ರಿಯ ಮಗಳು ಪೂರ್ವ ಜರ್ಮನಿಯಲ್ಲಿ ಬೆಳೆದದ್ದು, ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದದ್ದು, ಬರ್ಲಿನ್ ಗೋಡೆ ಬಿದ್ದ ಮೇಲೆ ರಾಜಕೀಯಕ್ಕಿಳಿದದ್ದು. ಅಲ್ಲಿನ ಸರ್ಕಾರದ ಮುಖ್ಯಸ್ಥ, ಚಾನ್ಸಲರ್ ಕೋಲ್ ಅವಳನ್ನು ಮಂತ್ರಿ ಮಾಡಿದರು, ಜನ 'ಕೋಲ್ ಅವರ ಹುಡುಗಿ' ಎಂದರು ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುಂದಿನ ಮಾತು ಬಿಸಿತುಪ್ಪ: ಉಗುಳುವಂತಿಲ್ಲ, ನುಂಗುವಂತಿಲ್ಲ. ಆದರೂ ಬಿಡಲಿಲ್ಲ.

"ಪಕ್ಷ ಇನ್ನ ಕೋಲ್ ಅವರಂಥಾ ಹಿರಿಯರ ಕೈ ಬಿಟ್ಟು ತಾನ ನಡೀಬೇಕು ಅಂತ ಆಕಿನೇ ಪೇಪರಿನಾಗ ಬರೆದಳು. ಮುಂದ ಆಕಿನೇ ಚಾನ್ಸಲರ್ ಆದಳು."

ಮುಂದಿನ ಸಾಲಿನಿಂದ ಕಾಕಾ ಕೇಳಿದರು: "ಆಮ್ಯಾಲೆ ಆ ಹಿರೇಮನಷ್ಯಾ ಆಕಿ ಕೂಡ ಚೆಂದಾಗಿ ಇದ್ದನೇನವಾ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಮೊದಲಿನ ಸಲಿಗಿ ಮತ್ತ ಬರಲಿಲ್ಲ, ಕಾಕಾ."

ಕಾಕಾ ತಲೆಯಾಡಿಸಿದರು. ಎದ್ದು ನಿಂತು, "ಈ ಸಲ ತುಳಸಿ ಅಧ್ಯಕ್ಷಿ. ಅವಿರೋಧ" ಎಂದು ತಾವೇ ಮೊದಲು ಚಪ್ಪಾಳೆ ತಟ್ಟಿದರು.

ಸಭೆ ಮುಗಿದು ತುಳಸಿ ಕಾರನ್ನು ಬಾಗಿಲಿಗೆ ತಂದಳು. ಕಾಕಾ ಆಗಲೇ ಸಂಘದ ಇರಣ್ಣನ ಕಾರು ಹತ್ತಿ ಹೋಗಿದ್ದರು. ಆಮೇಲೂ ಅವರು ಅವಳ ಕಾರು ಹತ್ತಲಿಲ್ಲ.

ಈಗ ಪ್ರತಿ ಭಾನುವಾರ ಕನ್ನಡ ತರಗತಿ ನಡೆಯುತ್ತದೆ. ಅವಳ ಕಾರಿನಲ್ಲಿ ಯಾರಾದರೂ ಮುಂದಿನ ಸೀಟನ್ನು ಮುಂದಕ್ಕೆ ಎಳೆದುಕೊಂಡು ಕೂತರೆ, ಅವರು ಇಳಿದ ಮೇಲೆ ತುಳಸಿ ಮತ್ತೆ ಹಿಂದಕ್ಕೆ ಸರಿಸಿಡುತ್ತಾಳೆ.