ಬೆನ್ನಿನ ಕೆಳಗಿನ ಚಳಿ

ಚಳಿ ಮೇಲಿನಿಂದ ಬರುತ್ತದೆ ಎಂದು ನಂಬಿಕೊಂಡೇ ನಾನು ಮೂವತ್ತು ದಾಟಿದವನು. ಬಯಲಿನವರು ಹೀಗೆ ನಂಬಿದರೆ ಕ್ಷಮಿಸಬಹುದು. ನಾನು ಹುಟ್ಟಿದ್ದು ಕಟ್ಟಬೆಟ್ಟಿನಲ್ಲಿ, ಓದಿದ್ದು ಕೋತಗಿರಿಯಲ್ಲಿ, ಮೇಷ್ಟ್ರಾಗಿ ಬಂದು ಕೂತದ್ದು ಮತ್ತೆ ಕಟ್ಟಬೆಟ್ಟಿನಲ್ಲೇ. ಮಾರ್ಗಶಿರ ಬಂತೆಂದರೆ ಬೆಳಗಿನ ಹೊತ್ತು ಹುಲ್ಲೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಾಗುವ ಊರು ನಮ್ಮದು. ಅಂಥಲ್ಲಿ ಬದುಕಿಯೂ ಚಳಿ ಯಾವ ದಿಕ್ಕಿನಿಂದ ಬರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದವನೂ ನಾನೇ ಎಂಬುದನ್ನು ನೀವು ಕೇಳಲಿಲ್ಲ, ನಾನಾಗಿಯೇ ಹೇಳಿಬಿಟ್ಟೆ.

ಚಳಿ ಮೈಯೊಳಗೆ ನುಗ್ಗುವ ಬಾಗಿಲು ಯಾವುದು ಎಂಬ ವಿಷಯದಲ್ಲಿ ಲೋಕದಲ್ಲಿ ಒಮ್ಮತವಿಲ್ಲ. ಮೇಟುಪಾಳ್ಯದಿಂದ ಗಾಡಿ ಹೊಡೆದುಕೊಂಡು ಬೆಟ್ಟ ಹತ್ತುವವರನ್ನು ನೋಡಿ. ಮೊಣಕಾಲಿನ ಕೆಳಗೆ ಬಟ್ಟೆಯಿಲ್ಲ, ಎದೆ ಅರ್ಧ ತೆರೆದಿದೆ, ಆದರೆ ಕಿವಿಗೆ ಮಾತ್ರ ಟವೆಲನ್ನು ಬಿಗಿದು ಕಟ್ಟಿಕೊಂಡಿರುತ್ತಾರೆ. ಅವರ ಪ್ರಕಾರ ಬಾಗಿಲು ಕಿವಿ. ಟೀ ತೋಟದ ದೊರೆಗಳಿಗೆ ಬಾಗಿಲು ಪಾದ. ಉಣ್ಣೆಯ ಕಾಲುಚೀಲ ಹಾಕಿ ಬೆಂಕಿಗೂಡಿನ ಮುಂದೆ ಕಾಲು ಚಾಚಿ ಕೂರುತ್ತಾರೆ. ಮುಂಭಾಗ ಬೆಂದು ಕೆಂಪಾಗಿರುತ್ತದೆ, ಹಿಂಭಾಗ ನಡುಗುತ್ತಿರುತ್ತದೆ. ಬೆಟ್ಟದ ಮೇಲೆ ಎಮ್ಮೆ ಕಾಯುವ ತೋಡರು ಈ ಚರ್ಚೆಗೇ ಇಳಿಯುವುದಿಲ್ಲ, ಕಸೂತಿಯ ದಪ್ಪ ಹೊದಿಕೆಯೊಂದನ್ನು ತಲೆಯಿಂದ ಪಾದದವರೆಗೆ ಸುತ್ತಿಕೊಂಡು ಸುಮ್ಮನೆ ನಿಲ್ಲುತ್ತಾರೆ. ನಮ್ಮ ಅವ್ವೆಯ ಸಿದ್ಧಾಂತವೇ ಬೇರೆ. ಚಳಿಯ ಬಾಗಿಲು ಹೊಟ್ಟೆ, ಅದು ಖಾಲಿ ಇದ್ದಾಗ ಮಾತ್ರ ತೆರೆಯುತ್ತದೆ ಎಂದು ಅವಳು ಬಿಸಿ ಬಿಸಿ ಗಂಜಿಯ ಬಟ್ಟಲು ಮುಂದಿಡುವಳು. ನಾನು ಇದ್ಯಾವುದನ್ನೂ ಒಪ್ಪದೆ, ಕಂಬಳಿ ಹೊದೆಯುವುದು ಮೇಲಿನಿಂದ ತಾನೆ, ಹಾಗಾದರೆ ಚಳಿಯೂ ಮೇಲಿನಿಂದಲೇ ಎಂದು ತೀರ್ಮಾನಿಸಿ ಆರಾಮವಾಗಿದ್ದೆ.

ಆ ಆರಾಮ ಕೆಟ್ಟದ್ದು ಮಾದಿಗೆ ಎದೆಯ ಕಾಯಿಲೆ ಬಂದ ವರ್ಷ.

ಮಾದಿ ನನ್ನ ಹೆಂಡತಿ. ಸೋದರಮಾವನ ಮಗಳು, ಚಿಕ್ಕಂದಿನಲ್ಲಿ ನನ್ನ ಜೊತೆ ಜಗಳವಾಡಿ ಗೆಲ್ಲುತ್ತಿದ್ದವಳು. ಮದುವೆಯಾದ ಮೇಲೂ ನನ್ನನ್ನು ನೀನು ಎಂದೇ ಕರೆಯುತ್ತಿದ್ದಳು, ನನಗೂ ಅದೇ ಹಿತವಾಗಿತ್ತು. ಮಳೆಗಾಲದಲ್ಲಿ ಹಿಡಿದ ಕೆಮ್ಮು ಮಳೆ ನಿಂತರೂ ಬಿಡಲಿಲ್ಲ. ಸಂಜೆಯಾದರೆ ಸಣ್ಣ ಜ್ವರ. ಕೋತಗಿರಿಯ ಡಾಕ್ಟರು ಎದೆಗೆ ಕಿವಿಕೊಟ್ಟು ಕೇಳಿ, ನನ್ನನ್ನು ಹೊರಗೆ ಕರೆದು, ಇದಕ್ಕೆ ಔಷಧಿಗಿಂತ ಗಾಳಿ ಮುಖ್ಯ ಎಂದರು. ಒಲೆಯ ಹೊಗೆ ತುಂಬಿದ ಒಳಮನೆಯಲ್ಲಿ ಮಲಗಿಸಬೇಡಿ. ಹಗಲೂ ರಾತ್ರಿಯೂ ಬಯಲ ಗಾಳಿಯಲ್ಲಿರಲಿ, ಹಾಲು ಮೊಟ್ಟೆ ಕೊಡಿ, ಮೈ ಮಾತ್ರ ಬೆಚ್ಚಗಿರಬೇಕು, ನಡುಗಬಾರದು. ಬೇಸಿಗೆಯವರೆಗೆ ಹೀಗೆ ಕಾಪಾಡಿದರೆ ಉಳಿಯುತ್ತಾಳೆ ಎಂದರು.

ಮನೆಗೆ ಬಂದು ಜಗಲಿಯಲ್ಲಿ ಮಂಚ ಹಾಕುತ್ತೇನೆ ಎಂದಾಗ ಅವ್ವೆ ಬಾಗಿಲಿಗೆ ಅಡ್ಡ ನಿಂತಳು. ನಮ್ಮ ಹಟ್ಟಿಗಳಲ್ಲಿ ಕಟ್ಟಿಲು, ಅಂದರೆ ಮಂಚ, ಮನೆಯಿಂದ ಹೊರಗೆ ಬರುವುದು ಒಂದೇ ಒಂದು ಕಾರಣಕ್ಕೆ. ಸತ್ತವರನ್ನು ಅದರ ಮೇಲೆ ಮಲಗಿಸಿ ಹೊರಗಿಡುತ್ತಾರೆ, ಊರಿನವರೆಲ್ಲ ಬಂದು ಅದರ ಸುತ್ತ ಕೂತು ಅಳುತ್ತಾರೆ.

"ಉಸಿರು ಇಪ್ಪವಳ ಕಟ್ಟಿಲ ಹೊರಗ ಹಾಕುವದಾ? ನಾ ಇಪ್ಪವರೆಗ ಅದು ಆಗದು" ಎಂದಳು ಅವ್ವೆ.

ಡಾಕ್ಟರ ಮಾತನ್ನು ನಾನು ಎಷ್ಟು ಬಗೆಯಲ್ಲಿ ಬಿಡಿಸಿ ಹೇಳಿದರೂ ಅವಳು ಜಗ್ಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆ ಮಂಚವನ್ನು ಜಗಲಿಯ ಮೇಲೆ ಕಲ್ಪಿಸಿಕೊಂಡಾಗ ಕಾಲು ತಣ್ಣಗಾಗಿತ್ತು. ನೆಲದ ಮೇಲೆ ಹಾಸೋಣವೆಂದರೆ ಜಗಲಿಯ ಮಣ್ಣು ಹಗಲಿನಲ್ಲೂ ಒದ್ದೆ. ಎರಡು ದಿನ ಹೀಗೇ ಕಳೆಯಿತು, ಮಾದಿ ಒಳಮನೆಯಲ್ಲೇ ಕೆಮ್ಮುತ್ತಿದ್ದಳು.

ಆಗ ನೆನಪಾದದ್ದು ಅಟ್ಟದ ಮೇಲಿದ್ದ ದೊರೆಯ ಜೋಲಿ. ಒಬ್ಬ ತೋಟದ ದೊರೆ ತನ್ನ ಸೀಮೆಗೆ ವಾಪಸು ಹೊರಟಾಗ ಅವನ ಸಾಮಾನುಗಳನ್ನು ಹರಾಜು ಹಾಕಿದ್ದರು. ನಾನು ಒಂದು ಮೇಜಿನ ದೀಪದ ಆಸೆಗೆ ಹೋಗಿ ಕೂಗಿದರೆ, ದೀಪದ ಜೊತೆಗೆ ಕ್ಯಾನ್ವಾಸಿನ ಒಂದು ಗಂಟನ್ನೂ ತಗುಲಿಸಿದ್ದರು. ಬಿಡಿಸಿ ನೋಡಿದರೆ ಎರಡು ತುದಿಗೂ ಹಗ್ಗ ಕಟ್ಟಿದ ಉದ್ದನೆಯ ಬಟ್ಟೆ, ದೊರೆ ಅದನ್ನು ಎರಡು ಮರಗಳ ನಡುವೆ ಕಟ್ಟಿಕೊಂಡು ಮಲಗುತ್ತಿದ್ದನಂತೆ. ಅವ್ವೆ ಅದರಿಂದ ಅಟ್ಟದ ಉರುಳೆಗೆಡ್ಡೆಯ ರಾಶಿ ಮುಚ್ಚುತ್ತಿದ್ದಳು. ಅದನ್ನು ಕೊಡವಿ, ಒಗೆದು, ಜಗಲಿಯ ಎರಡು ಕಂಬಗಳಿಗೆ ಕಟ್ಟಿದೆ. ಅವ್ವೆ ಬಂದು ನೋಡಿದಳು, ಕೈಯಿಂದ ಒಮ್ಮೆ ತೂಗಿದಳು. ಕಟ್ಟಿಲಿಗೆ ನಾಲ್ಕು ಕಾಲು, ಇದಕ್ಕೆ ಒಂದೂ ಇಲ್ಲ. ಇದು ತೊಟ್ಟಿಲಿನ ಜಾತಿ. ತೊಟ್ಟಿಲಿಗೆ ಅವಳು ಹೇಗೆ ಬೇಡವೆಂದಾಳು? ಆದರೆ ಒಂದು ಷರತ್ತು ಹಾಕಿದಳು. ಮಾದಿ ಒಂದೇ ಒಂದು ಸಲ ಚಳಿ ಎಂದರೂ ಅವಳನ್ನು ಎತ್ತಿ ಒಲೆಯ ಪಕ್ಕಕ್ಕೆ ಒಯ್ಯುವುದು, ಡಾಕ್ಟರು ಏನಾದರೂ ಹೇಳಿಕೊಳ್ಳಲಿ.

ಮೊದಲ ದಿನ ನನ್ನ ಸಿದ್ಧಾಂತದ ಪ್ರಕಾರ ಒಂದನ್ನು ಬಿಟ್ಟು ಮನೆಯ ಕಂಬಳಿಗಳನ್ನೆಲ್ಲ ಮಾದಿಯ ಮೇಲೆ ಹೇರಿದೆ. ಮೂಗು ಮಾತ್ರ ಕಾಣುತ್ತಿತ್ತು. ನಾನು ಜಗಲಿಯ ಆ ತುದಿಗೆ ಹಲಗೆಯ ಮೇಲೆ ಒಂದು ಕಂಬಳಿ ಇಟ್ಟುಕೊಂಡು ಮಲಗಿದೆ. ಬೆಳಗ್ಗೆ ಕೇಳಿದೆ, ಚಳಿಯಾಯಿತಾ ಎಂದು.

"ಎನಗ ಚಳಿ ಇಲ್ಲೆ" ಎಂದಳು ಮಾದಿ. ಹೇಳುವಾಗ ಹಲ್ಲು ಕಟಕಟ ಎನ್ನುತ್ತಿತ್ತು.

ನನ್ನ ಕಷ್ಟ ಅರ್ಥವಾಯಿತಲ್ಲ. ಯಾವ ಹಾಸಿಗೆ ಬೆಚ್ಚಗೆ, ಯಾವುದು ಅಲ್ಲ ಎಂದು ಆರಿಸಬೇಕಾದವನು ನಾನು. ಸಾಕ್ಷಿ ಹೇಳಬೇಕಾದವಳು ಅವಳೊಬ್ಬಳೇ, ಅವಳೋ ಸುಳ್ಳು ಹೇಳುತ್ತಿದ್ದಾಳೆ. ಚಳಿ ಎಂದರೆ ಅವ್ವೆ ಒಳಗೆ ಒಯ್ಯುತ್ತಾಳೆ, ನಾನು ಮತ್ತೆ ಓಡಾಡುತ್ತೇನೆ, ಎಲ್ಲರಿಗೂ ತೊಂದರೆ. ಚಿಕ್ಕಂದಿನಲ್ಲಿ ನನ್ನ ಕೈಯಿಂದ ಪೇರಳೆ ಹಣ್ಣು ಕಿತ್ತುಕೊಳ್ಳುತ್ತಿದ್ದ ಹುಡುಗಿ ಈಗ ಏನನ್ನೂ ಕೇಳುತ್ತಿರಲಿಲ್ಲ. ಗಂಜಿ ಸಾಕು, ನೀರು ಬೇಡ, ಚಳಿ ಇಲ್ಲ. ಕಾಯಿಲೆಗಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಅದು. ತಾನು ಹೊರಡುವವಳೆಂದು ಮನಸ್ಸಿನಲ್ಲೇ ತೀರ್ಮಾನಿಸಿ, ಉಳಿಯುವವರಿಗೆ ಹೆಚ್ಚು ಕೆಲಸ ಕೊಡಬಾರದೆಂದು ಇದ್ದಾಳೆ ಅನ್ನಿಸುತ್ತಿತ್ತು.

ಹಾಸಿಗೆಗಳ ಪರೀಕ್ಷೆ ಶುರುವಾಯಿತು. ಕಂಬಳಿಗಳನ್ನು ಮೇಲಿನಿಂದ ತೆಗೆದು ಕೆಳಗೆ ಹಾಸಿದೆ. ಮಾದಿ ಮಗ್ಗುಲು ಬದಲಿಸಿದರೆ ಅವು ಮೆಲ್ಲಗೆ ಜಾರಿ, ಬೆಳಗಾಗುವಾಗ ನೆಲ ಸೇರಿರುತ್ತಿದ್ದವು. ಸಾಮೆ ಹುಲ್ಲನ್ನು ದಪ್ಪಗೆ ತುಂಬಿದೆ. ಅದು ಚೆನ್ನಾಗಿಯೇ ಇತ್ತು, ಆದರೆ ಸಂಜೆ ಹಾಲು ಕರೆದು ಬಿಟ್ಟ ನಮ್ಮ ಎಮ್ಮೆ ಜಗಲಿಗೆ ಬಂದು, ರೋಗಿಯ ಬೆನ್ನಿನ ಕೆಳಗಿನ ಹಾಸಿಗೆಯನ್ನು ಒಂದು ಬದಿಯಿಂದ ನಿಧಾನವಾಗಿ ತಿನ್ನತೊಡಗಿತು. ಮಾದಿ ಅದನ್ನು ಓಡಿಸಲೂ ಇಲ್ಲ, ಯಾರನ್ನೂ ಕರೆಯಲೂ ಇಲ್ಲ. ನಾನು ಹೋಗಿ ನೋಡಿದಾಗ ನಗು ತಡೆಯಲಾರದೆ ಕಣ್ಣಲ್ಲಿ ನೀರು ತುಂಬಿಕೊಂಡು ಮಲಗಿದ್ದಳು. ಆ ನಗುವಿಗಾಗಿ ಎಮ್ಮೆಗೆ ಇನ್ನಷ್ಟು ಹುಲ್ಲು ಹಾಕಿದೆ. ಹಳೆಯ ತಮಿಳು ಪೇಪರುಗಳನ್ನು ಪದರ ಪದರವಾಗಿ ಹಾಸಿದೆ. ಗಾಳಿಯನ್ನೇನೋ ತಡೆದವು, ಆದರೆ ಅವಳು ಉಸಿರಾಡಿದರೂ ಒಳಗಿನಿಂದ ಅವ್ವೆ, ಹಪ್ಪಳ ಯಾರು ಮುರಿಯುತ್ತಿದ್ದಾರೆ ಎಂದು ಕೇಳುವಂತಾಯಿತು. ಹತ್ತಿಯ ಹಾಸಿಗೆ ಮಂಜು ಕುಡಿದು ಭಾರವಾಗಿ ಇನ್ನಷ್ಟು ತಣ್ಣಗಾಯಿತು. ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟರೆ ಹೊಗೆ. ಪ್ರತಿ ಬೆಳಗ್ಗೆಯೂ ಕೇಳುತ್ತಿದ್ದೆ, ಪ್ರತಿ ಬೆಳಗ್ಗೆಯೂ ಚಳಿ ಇಲ್ಲೆ. ಅವಳ ಪಾದ ಮುಟ್ಟಿ ನೋಡುವುದನ್ನು ಕಲಿತೆ. ಬಾಯಿ ಏನೇ ಹೇಳಲಿ, ಪಾದ ಹಿಮದಂತಿರುತ್ತಿತ್ತು.

ಸಾಕ್ಷಿ ಸುಳ್ಳಾದರೆ ನ್ಯಾಯಾಧೀಶನೇ ಹೋಗಿ ನೋಡಬೇಕು. ಒಂದು ಭಾನುವಾರ, ಮೋಡ ಕವಿದು ಗಾಳಿ ಬೀಸುತ್ತಿದ್ದ ಮಧ್ಯಾಹ್ನ, ಮಾದಿಯನ್ನು ಕುರ್ಚಿಯಲ್ಲಿ ಕೂರಿಸಿ ನಾನೇ ಜೋಲಿ ಹತ್ತಿದೆ. ಹತ್ತಿದೆ ಎನ್ನುವುದು ಸುಲಭ. ಮೊದಲ ಸಲ ಈ ಕಡೆಯಿಂದ ಹತ್ತಿ ಆ ಕಡೆಗೆ ಬಿದ್ದೆ. ಎರಡನೆಯ ಸಲ ಅದು ನನ್ನನ್ನು ಒಪ್ಪಿಕೊಂಡಿತು. ಎರಡು ಕಂಬಳಿ ಹಾಸಿ, ಮೂರು ಹೊದೆದು, ಮೂಗು ಹೊರಗಿಟ್ಟು ಮಲಗಿದೆ. ದಾರಿಯಲ್ಲಿ ಹೋಗುತ್ತಿದ್ದ ಕೆಳಗಿನ ಹಟ್ಟಿಯ ಹಿರಿಯರೊಬ್ಬರು ನಿಂತು ನೋಡಿ, ಬಹಳ ಮರುಕದಿಂದ, "ಮೇಷ್ಟ್ರೆ, ನಿಂಗಗೂ ಬಂತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಲೆ ಆಡಿಸಿಕೊಂಡು ಹೋದರು.

ಅರ್ಧ ಗಂಟೆಯೊಳಗೆ ನನ್ನ ಮೂವತ್ತು ವರ್ಷದ ಸಿದ್ಧಾಂತ ಬಿದ್ದುಹೋಯಿತು. ಎದೆ ಬೆಚ್ಚಗಿತ್ತು, ಹೊಟ್ಟೆ ಬೆಚ್ಚಗಿತ್ತು. ಚಳಿ ಬರುತ್ತಿದ್ದದ್ದು ಕೆಳಗಿನಿಂದ. ಸೊಂಟ, ಭುಜದ ಮೂಳೆ, ಹಿಮ್ಮಡಿ, ಎಲ್ಲಿ ನನ್ನ ಭಾರ ಕಂಬಳಿಯನ್ನು ಒತ್ತಿ ಚಪ್ಪಟೆ ಮಾಡಿತ್ತೋ ಅಲ್ಲೆಲ್ಲ ಯಾರೋ ತಣ್ಣನೆಯ ಕೈ ಇಟ್ಟಂತಿತ್ತು. ಕುತ್ತಿಗೆಯ ಹಿಂದೆ ಕಂಬಳಿ ಮಡಿಸಿಕೊಂಡು ಉಬ್ಬಿದ್ದ ಜಾಗ ಮಾತ್ರ ಬೆಚ್ಚಗೆ. ನೆಲದ ಮೇಲೆ ಮಲಗಿದವನಿಗೆ ಕೆಳಗೆ ನೆಲವಾದರೂ ಇರುತ್ತದೆ, ತೂಗಿಕೊಂಡವನ ಕೆಳಗೆ ಇಡೀ ಬೆಟ್ಟದ ಗಾಳಿ ಓಡಾಡುತ್ತದೆ. ಕಂಬಳಿ ತಾನಾಗಿ ಬೆಚ್ಚಗಿರುವುದಿಲ್ಲ, ಒಳಗೆ ಒಂದಿಷ್ಟು ಗಾಳಿಯನ್ನು ಅಲುಗಾಡದಂತೆ ಹಿಡಿದುಕೊಂಡಿರುತ್ತದೆ, ಅಷ್ಟೆ. ಅದನ್ನು ಹಿಂಡಿದರೆ ಉಳಿಯುವುದು ಬರೀ ಬಟ್ಟೆ. ಅಂದರೆ ಬೇಕಾದದ್ದು ಬೆನ್ನಿಗೆ ಒತ್ತಿಕೊಳ್ಳದ ಹಾಸಿಗೆ, ಜೋಲಿಯ ಕೆಳಗೆ ತೂಗುವ ಇನ್ನೊಂದು ಜೋಲಿ. ಅದರೊಳಗೆ ಹಗುರವಾದದ್ದು, ಉಬ್ಬಿಕೊಂಡೇ ಇರುವುದು, ಮಂಜು ಕುಡಿಯದ್ದು ಏನಾದರೂ ತುಂಬಬೇಕು. ಬೆನ್ನಿನ ಕೆಳಗೆ ಇಷ್ಟು ದಿನ ಈ ಚಳಿಯನ್ನು ಸಹಿಸಿಕೊಂಡು ಅವಳು ಚಳಿ ಇಲ್ಲ ಎಂದಿದ್ದಳಲ್ಲ ಎಂದು ನೆನೆದಾಗ ನನಗೆ ಅಲ್ಲಿಂದ ಇಳಿಯುವುದಕ್ಕೂ ಮನಸ್ಸಾಗಲಿಲ್ಲ. ಕುರ್ಚಿಯಲ್ಲಿದ್ದ ಮಾದಿ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಸುಳ್ಳು ಸಿಕ್ಕಿಬಿತ್ತೆಂದು ಅವಳಿಗೂ ತಿಳಿಯಿತು.

ಕೊನೆಗೆ ಇಳಿದು ಬಂದು ಇದನ್ನೆಲ್ಲ ಹೇಳಿದಾಗ, ಬೂರುಗದ ಹತ್ತಿ ಆಗಬಹುದು ಎಂದವಳು ಅವ್ವೆ. ಅವಳು ಆವರೆಗೆ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಮಸಿನಗುಡಿಯ ಕಡೆ ಬೂರುಗದ ಮರಗಳು ಬೇಕಾದಷ್ಟಿವೆ, ಅದರ ಹತ್ತಿ ರೇಷ್ಮೆಯ ಹಾಗೆ, ಎಷ್ಟು ಒತ್ತಿದರೂ ಮತ್ತೆ ಏಳುತ್ತದೆ. ಆ ಕಡೆ ಸಾಮಾನು ಸಾಗಿಸುತ್ತಿದ್ದ ನಮ್ಮ ಮಾವನ ಮಗ ಒಂದು ದೊಡ್ಡ ಮೂಟೆ ತಂದು ಹಾಕಿದ. ಅದನ್ನು ತುಂಬುವುದಕ್ಕೆ ಒಳ್ಳೆಯ ಗಟ್ಟಿ ನೇಯ್ಗೆಯ ಬಟ್ಟೆ ಬೇಕಿತ್ತು. ಅವ್ವೆ ಒಳಗೆ ಹೋಗಿ ಪೆಟ್ಟಿಗೆಯ ತಳದಿಂದ ಮಡಿಕೆ ಬಿಚ್ಚದ ಬಿಳಿಯ ಬಟ್ಟೆಯೊಂದನ್ನು ತಂದಳು. ನನಗೆ ಅದು ಗೊತ್ತಿತ್ತು. ತನ್ನ ಕೊನೆಯ ದಿನ ಹೊದಿಸಬೇಕೆಂದು ಅವಳೇ ಎತ್ತಿಟ್ಟುಕೊಂಡಿದ್ದ ಬಟ್ಟೆ ಅದು. ನಾನು ಬೇಡ ಎನ್ನುವುದಕ್ಕೆ ಬಾಯಿ ತೆರೆದೆ.

"ಎನಗ ಏನೂ ಅವಸರ ಇಲ್ಲೆ" ಎಂದು ಅವಳು ಸೂಜಿಯನ್ನು ದಾರ ಪೋಣಿಸಲು ನನ್ನ ಕೈಗೆ ಕೊಟ್ಟಳು.

ಎರಡು ದಿನ ಕೂತು ಹೊಲಿದಳು. ಹತ್ತಿ ಒಂದೇ ಕಡೆ ಗುಡ್ಡೆಯಾಗದಂತೆ ನಡುನಡುವೆ ಹೊಲಿಗೆ ಹಾಕಿದಳು. ಅದನ್ನು ಜೋಲಿಯ ಕೆಳಗೆ, ಮುಟ್ಟಿಯೂ ಮುಟ್ಟದ ಹಾಗೆ, ದಾರಗಳಿಂದ ಕಟ್ಟಿದೆವು. ದೂರದಿಂದ ನೋಡಿದರೆ ಬಸುರಿ ಮೋಡವೊಂದು ನಮ್ಮ ಜಗಲಿಯಲ್ಲಿ ತಂಗಿದಂತೆ ಕಾಣುತ್ತಿತ್ತು. ಮರುದಿನ ಬೆಳಗ್ಗೆ ಚಳಿಯಾಯಿತಾ ಎಂದು ಕೇಳಲಿಲ್ಲ, ಪಾದ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ನಾನು ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡೇ ಇದ್ದೆ, ಅವಳು ನಿದ್ದೆ ಮಾಡುತ್ತಿದ್ದಳು.

ಆಮೇಲಿನ ವಾರಗಳಲ್ಲಿ ಕೆಮ್ಮು ಇಳಿಯಿತು, ಜ್ವರ ಬಿಟ್ಟು ಬಿಟ್ಟು ಬಂತು. ಡಾಕ್ಟರು ಪರವಾಗಿಲ್ಲ ಎಂದರು. ಆದರೆ ಮಾದಿ ಮಾತ್ರ ಹಾಗೆಯೇ ಇದ್ದಳು. ಕೊಟ್ಟದ್ದನ್ನು ತಿನ್ನುವಳು, ಕೇಳಿದ್ದಕ್ಕೆ ಸಾಕು, ಬೇಡ, ಇಲ್ಲೆ. ಮೈ ಬೆಚ್ಚಗಾಗಿತ್ತು, ಒಳಗಿನ ಆ ತೀರ್ಮಾನ ಬದಲಾಗಿದೆಯೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ. ಪಾದವನ್ನಾದರೆ ಮುಟ್ಟಿ ನೋಡಬಹುದು, ಇದನ್ನು ಹೇಗೆ ಮುಟ್ಟಿ ನೋಡುವುದು?

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗಿನ ಜಾವ, ಬಕೆಟ್ಟಿನ ನೀರಿನ ಮೇಲೆ ಹಾಳೆಯಷ್ಟು ದಪ್ಪ ಮಂಜುಗಡ್ಡೆ ಕಟ್ಟಿತ್ತು. ಟೀ ಗಿಡಗಳ ಮೇಲೆ, ದಾರಿಯ ಮೇಲೆ, ಎಲ್ಲೆಲ್ಲೂ ಬಿಳುಪು. ನಾನು ಹಲಗೆಯ ಮೇಲೆ ನನ್ನ ಒಂದೇ ಕಂಬಳಿಯೊಳಗೆ ಮುದುಡಿಕೊಂಡಿದ್ದೆ. ಜೋಲಿಯಿಂದ ಮಾದಿ ಕೂಗಿದಳು.

"ಎನಗ ಚಳಿ."

ನಾನು ಎದ್ದು ಕೂತೆ. ಒಲೆ ಹಚ್ಚುತ್ತಿದ್ದ ಅವ್ವೆಗೂ ಕೇಳಿಸಿತು. ತನ್ನ ಷರತ್ತು ಮರೆಯುವವಳಲ್ಲ, ಬಾಗಿಲಿಗೆ ಬಂದು, "ಬಾ ಮಗ, ಒಳಗ ಹೋಪ" ಎಂದು ಕೈ ಚಾಚಿದಳು.

"ಒಳಗ ಬಪ್ಪದಿಲ್ಲೆ" ಎಂದಳು ಮಾದಿ. ದನಿ ದೊಡ್ಡದಾಗಿಯೇ ಇತ್ತು, ಸಿಡುಕೂ ಇತ್ತು. "ಕಾಲ ಹತ್ತಿರ ದಾರ ಬಿಟ್ಟಿದೆ, ಗಾಳಿ ಬತ್ತದೆ. ಅದ ಕಟ್ಟು. ನಿನ್ನ ಕಂಬಳಿಯ ಇತ್ತ ತಾ."

ನಾನು ದಾರ ಕಟ್ಟಿದೆ. ಬೆರಳು ಮರಗಟ್ಟಿದ್ದರಿಂದ ಗಂಟು ಸರಿಯಾಗಿ ಬೀಳಲಿಲ್ಲ, ಅದಕ್ಕೂ ಅವಳು ಏನೋ ಅಂದಳು. ನನ್ನ ಕಂಬಳಿ ಹೊದಿಸಿದೆ. ಅದನ್ನು ಗಲ್ಲದವರೆಗೆ ಎಳೆದುಕೊಂಡು, ನನ್ನ ಕಡೆ ತಿರುಗಿ ಕೂಡ ನೋಡದೆ, ನೆಮ್ಮದಿಯಾಗಿ ಮಗ್ಗುಲಾದಳು. ಅವ್ವೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆಯ ಕಡೆ ಹೋದಳು.

ಬಿಸಿಲು ಬರುವವರೆಗೆ ನಾನು ಬರೀ ಅಂಗಿಯಲ್ಲಿ ಆ ಹಲಗೆಯ ಮೇಲೆ ಕೂತು ಗಡಗಡ ನಡುಗಿದೆ. ಅಷ್ಟು ಚಳಿಯನ್ನು ನಾನು ಆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಅಷ್ಟು ಸುಖವನ್ನೂ ಕಂಡಿಲ್ಲ.