ಯೋಯೋಹಳ ಬೋಣಿ

ಬೆಳಗಿನ ನಮಾಜು ಮುಗಿಸಿ ಬಂದು ಫೋನು ತೆಗೆದರೆ ಸಾಕು, ಉಜುಗೆ ಹೇಸಿಗೆಯಾಗುತ್ತಿತ್ತು. ಆನ್‌ಲೈನ್ ಸಂತೆಯ ಜಾಹೀರಾತಿನ ಪುಟ ಅದು. ನಿನ್ನೆ ಎಷ್ಟು ಜನ ನೋಡಿದರು, ಎಷ್ಟು ಜನ ಒತ್ತಿದರು, ಒತ್ತಿದ್ದಕ್ಕೆಲ್ಲ ನಿನ್ನಿಂದ ಎಷ್ಟು ಕಿತ್ತುಕೊಂಡೆವು ಎಂದು ಬಣ್ಣಬಣ್ಣದ ಗೆರೆ ಎಳೆದು ತೋರಿಸುತ್ತದೆ. ಕೊಳ್ಳದೆ ಹೋದವನಿಗೂ ಕಾಸು ತೆರಬೇಕು. ತಾಸಿಕ್‌ಮಲಾಯ ಪಟ್ಟಣದ ಕಸೂತಿ ಕೇರಿ ಕವಾಲುವಿನಲ್ಲಿ ಹುಟ್ಟಿ, ಮೊಣಕಾಲು ಸವೆಯುವವರೆಗೆ ಕಸೂತಿ ಮಿಷನ್ ತುಳಿದವನು ಉಜು. ಅಂಗಡಿ ಮುಂದೆ ಸುಮ್ಮನೆ ಹಾದುಹೋದವನಿಗೂ ದುಡ್ಡು ಕಟ್ಟುವ ವ್ಯಾಪಾರವನ್ನು ಅವನು ಎಲ್ಲೂ ಕಂಡಿರಲಿಲ್ಲ.

ಅಂಗಡಿ ಹೆಂಡತಿ ಯೋಯೋಹಳದು. ಹೆಂಗಸರು ನಮಾಜಿಗೆ ಉಡುವ ಬಿಳಿ ಮುಕೆನ ಹೊಲಿಸಿ, ಅಂಚಿಗೆ ಕಸೂತಿ ಹಾಕಿಸಿ ಮಾರುತ್ತಾಳೆ. ಹಿಂದಿನ ಕೋಣೆಯಲ್ಲಿ ನಾಲ್ಕು ಜನ ಹೆಂಗಸರು ಕೆಲಸಕ್ಕಿದ್ದಾರೆ. ಪ್ರತಿಯೊಂದು ಮುಕೆನದ ಒಳಮಡಿಕೆಯಲ್ಲೂ ‘ಯೋಯೋಹ್, ಕವಾಲು’ ಎಂದು ಕೆಂಪು ನೂಲಿನ ಲೇಬಲ್. ಉಪವಾಸದ ತಿಂಗಳಿನ ವ್ಯಾಪಾರವೇ ವರ್ಷದ ಅನ್ನ. ಈ ಸಲವೂ ಹೋಗದಿದ್ದರೆ ಸರಕನ್ನೆಲ್ಲ ಜುರಾಗನ್ ಕೋಮಾರ್‌ಗೆ ಸಗಟಾಗಿ ಸುರಿದುಬಿಡುವುದೆಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು. ಕೋಮಾರ್ ಊರಿನ ದೊಡ್ಡ ಧಣಿ. ಯಾರ ಬಟ್ಟೆ ಕೊಂಡರೂ ಹೊಲಿದವರ ಹೆಸರು ಕಿತ್ತು ತನ್ನ ಹೆಸರು ಹೊಲಿಸುತ್ತಾನೆ. ಅವನ ಕೈಗೆ ಹೋದ ಮೇಲೆ ಯೋಯೋಹ್ ಅವನ ಕೂಲಿಯವಳು, ಅಷ್ಟೆ.

ಜಾಹೀರಾತು ಕಲಿಯಲೆಂದು ಉಜು ಊರಿನ ಸಭಾಮಂದಿರದಲ್ಲಿ ನಡೆದ ಪಾಠಕ್ಕೆ ಹೋಗಿದ್ದ. ಪಾಠ ಹೇಳಲು ಬಂದವನು, ಗೋಡೌನು ತುಂಬಿದ್ದರೂ ‘ಇನ್ನೆರಡೇ ಉಳಿದಿವೆ’ ಎಂದು ಬರೆಯಿರಿ, ಕೊಳ್ಳುವವರಿಗೆ ಎದೆ ಹೊಡೆದುಕೊಳ್ಳಬೇಕು ಎಂದ. ನಮಾಜಿನ ಬಟ್ಟೆಗೂ ಹಾಗೇನಾ ಎಂದು ಉಜು ಕೇಳಿದ. ಅದಕ್ಕಂತೂ ಇನ್ನೂ ಚೆನ್ನಾಗಿ ನಡೆಯುತ್ತದೆ ಎಂದು ಅವನು ನಕ್ಕ. ಕೊಟ್ಟ ಊಟದ ಪೊಟ್ಟಣವನ್ನು ಬೆಂಚಿನ ಮೇಲೇ ಬಿಟ್ಟು ಉಜು ಎದ್ದು ಬಂದ.

ಆಮೇಲೆ ತಾನೇ ತಿಣುಕಿ ಕಲಿತ. ಮೊದಲು ಸರಕನ್ನೆಲ್ಲ ಒಂದೇ ಜಾಹೀರಾತಿಗೆ ತುಂಬಿದ್ದ. ಯಾರಿಗೆ ಏನು ತೋರಿಸಬೇಕೆಂದು ತಾನೇ ಆರಿಸುವ ಆ ಪುಟದ ಯಂತ್ರ ದುಡ್ಡನ್ನೆಲ್ಲ ಮಕ್ಕಳ ಅಗ್ಗದ ಮುಕೆನಕ್ಕೇ ಸುರಿಯಿತು, ಅದು ಬೇಗ ಖರ್ಚಾಗುತ್ತದಲ್ಲ. ಒಳ್ಳೆಯ ಕಸೂತಿಯದ್ದು ಯಾರ ಕಣ್ಣಿಗೂ ಬೀಳಲಿಲ್ಲ. ನೂಲಿನ ಉಂಡೆ ಬಣ್ಣ ನೋಡಿ ವಿಂಗಡಿಸುವ ಹಾಗೆ ಉಜು ಸರಕನ್ನು ಮೂರು ಬುಟ್ಟಿ ಮಾಡಿದ: ಮಕ್ಕಳದ್ದು, ದಿನಬಳಕೆಯದ್ದು, ಮದುವೆಯಲ್ಲಿ ಗಂಡಿನ ಕಡೆಯವರು ಉಡುಗೊರೆ ಕೊಡುವಂಥದ್ದು. ಒಂದೊಂದಕ್ಕೆ ಬೇರೆ ಬೇರೆ ದುಡ್ಡು. ‘ಅಗ್ಗ’, ‘ಬಾಡಿಗೆ’ ಎಂದು ಹುಡುಕುವವರಿಗೆ ಮದುವೆ ಬುಟ್ಟಿ ಕಾಣಿಸದಂತೆ ಮಾಡಿದ. ಕೆಲವು ದಿನ ಚೆನ್ನಾಗಿ ಹೋಯಿತು. ಆಮೇಲೆ ಮದುವೆ ಬುಟ್ಟಿಯ ದಿನದ ದುಡ್ಡು ತಿಂಡಿ ಹೊತ್ತಿಗೇ ಖಾಲಿಯಾಗತೊಡಗಿತು. ಮಾರಾಟ ಮಾತ್ರ ಒಂದೇ ಒಂದು.

ಗುಟ್ಟು ಬಿಟ್ಟುಕೊಟ್ಟವನು ಪಾರ್ಸೆಲ್ ಒಯ್ಯುವ ಎಂಚೆಪ್. ಆ ಊರಲ್ಲಿ ಅಣ್ಣನಿಗೆ ಕಾಂಗ್ ಎನ್ನುತ್ತಾರೆ, ಹೆಂಡತಿ ಗಂಡನನ್ನು ಕರೆಯುವುದೂ ಹಾಗೇ.

"ಕಾಂಗ್ ಉಜು, ನಿಮ್ಮ ಬಟ್ಟೆಗೆ ಊರು ಸುತ್ತೋ ಚಟ ಹಿಡಿದದೆ. ಇಲ್ಲಿಂದ ಬಂಡುಂಗ್‌ನ ನಮ್ಮ ಡಿಪೋಗೆ ಹೋಗ್ತದೆ, ಸುತ್ತಾಡ್ಕೊಂಡು ವಾಪಸ್ ಬಂದು ಕೊಳದ ಓಣೀಲಿ ಇಳೀತದೆ. ನಡ್ಕೊಂಡು ಹೋಗಿ ಕೊಟ್ಬಿಡಬಾರ್ದಾ?"

ಕೊಳದ ಓಣಿಯಲ್ಲಿ ಕೋಮಾರ್‌ನ ಗೋಡೌನು ಬಿಟ್ಟರೆ ಬೇರೇನೂ ಇಲ್ಲ. ಉಜು ಆ ಆರ್ಡರುಗಳನ್ನು ತೆಗೆದು ನೋಡಿದ. ಎಲ್ಲವೂ ನಸುಕಿನವು, ಮೂರರಲ್ಲೊಂದು ಪಾಲು ಬೆಲೆಗೆ ಹೋದವು. ಬೆಲೆ ಇಳಿಸಿದ್ದು ಯಾರು ಎಂದು ಯೋಯೋಹಳನ್ನು ಕೇಳಿದ.

"ನಾನೇ," ಅಂದಳು ಅವಳು, ಬಟ್ಟೆ ಮಡಿಸುತ್ತಾ. "ಬೋಣಿ, ಕಾಂಗ್. ಬೋಣಿ ಆಗದೆ ಅಂಗಡಿ ಹೆಂಗೆ ತೆಗೀಲಿ?"

ಅವಳ ತಾಯಿ ಜಕಾರ್ತದ ತಾನಾ ಅಬಾಂಗ್ ಮಾರ್ಕೆಟ್ಟಿನಲ್ಲಿ ಕೂತು ಮಾರಿದವಳು. ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸಿದ್ದೇ ಇಲ್ಲ, ನಷ್ಟವಾದರೂ ಕೊಟ್ಟು, ಬಂದ ನೋಟನ್ನು ಅದೃಷ್ಟಕ್ಕೆಂದು ಬಟ್ಟೆಯ ಗಂಟುಗಂಟಿಗೂ ತಟ್ಟುತ್ತಿದ್ದಳು. ಯೋಯೋಹ್ ಅದನ್ನೇ ಫೋನಿನಲ್ಲಿ ನಡೆಸಿದ್ದಳು. ನಮಾಜು ಮುಗಿದ ಕೂಡಲೇ ತನಗೆ ಬಹಳ ಇಷ್ಟವಾದ ಮುಕೆನದ ಬೆಲೆ ಇಳಿಸುವುದು. ಒಬ್ಬರು ಕೊಂಡ ಮೇಲೆ ಫೋನನ್ನು ಬಟ್ಟೆಗಳಿಗೆ ತಟ್ಟಿ ಬೆಲೆ ಏರಿಸುವುದು.

ಉಜು ಜಾಹೀರಾತಿನ ಪುಟ ತೆಗೆದು ಅವಳ ಮುಂದೆ ಹಿಡಿದ.

"ನೀನು ಒಬ್ಬರಿಗೆ ಕೊಟ್ಟೆ ಅಂದ್ಕೊಂಡಿದೀಯ, ಯೋಹ್. ಆ ಯಂತ್ರ ಅದನ್ನೇ ಪಾಠ ಕಲೀತು. ನಸುಕಲ್ಲಿ ಅಗ್ಗಕ್ಕೆ ಕಾಯೋರೇ ನಮ್ಮ ಗಿರಾಕಿ ಅಂತ ಅಂಥೋರನ್ನೇ ಹುಡುಕಿ ಹುಡುಕಿ ತರ್ತಾ ಇದೆ. ಅವ್ರು ಒತ್ತಿ, ಬೆಲೆ ಏರಿರೋದ್ ನೋಡಿ ಉಗಿದು ಹೋಗ್ತಾರೆ. ಒತ್ತಿದ್ದಕ್ಕೆ ನಾವು ಕೊಡ್ತೀವಿ."

"ಹಂಗಂತ ಬೋಣಿ ಬಿಡಕ್ಕಾಗತ್ತಾ? ಅಮ್ಮ ಜ್ವರ ಬಂದ ದಿನಾನೂ ಬಿಟ್ಟೋಳಲ್ಲ."

ಉಜು ಚಪ್ಪಲಿ ಮೆಟ್ಟಿಕೊಂಡು ಕೊಳದ ಓಣಿಗೆ ನಡೆದ.

ಕೋಮಾರ್ ಚಾಪೆ ಮೇಲೆ ಕೂತು ಕಡ್ಡಿಯಲ್ಲಿ ಹಲ್ಲು ಕೆದಕುತ್ತಿದ್ದ. ಅವನ ಹಿಂದೆ ಇಬ್ಬರು ಸಣ್ಣ ಕತ್ತರಿ ಹಿಡಿದು ಯೋಯೋಹಳ ಮುಕೆನಗಳಿಂದ ಕೆಂಪು ಲೇಬಲ್ ಬಿಚ್ಚುತ್ತಿದ್ದರು. ಬಿಚ್ಚಿದ್ದು ನೆಲಕ್ಕೆ, ಸಿಗರೇಟಿನ ತುಂಡು ಮತ್ತು ಎಂಜಲಿನ ನಡುವೆ.

"ಬಾ ಉಜು, ಕೂತ್ಕೋ. ನಿನ್ನ ಹೆಂಡ್ತಿ ಕೈ ಕಸೂತಿ ನಮ್ಮೋರಿಗೆ ಬರಲ್ಲ ಕಣಯ್ಯ. ಅದಕ್ಕೇ ತರಿಸ್ತೀನಿ."

"ಅದಕ್ಕೆ ದಿನಾ ನಸುಕಲ್ಲಿ ಏಳ್ತೀರಾ, ಜುರಾಗನ್?"

"ನಾನ್ಯಾಕೆ ಏಳ್ಲಿ? ನಮ್ಮೋರು ಏಳ್ತಾರೆ. ಇರೋ ಫೋನಿಂದೆಲ್ಲ ಒತ್ತೊತ್ತಿ ನೋಡ್ತಾರೆ, ಬೆಲೆ ಇಳೀತಾ ಅಂತ." ಕಡ್ಡಿಗೆ ಸಿಕ್ಕಿದ್ದನ್ನು ನೋಡಿ, ಮತ್ತೆ ಬಾಯಿಗೆ ಹಾಕಿಕೊಂಡ. "ನೀವು ಮಾರಕ್ಕಿಟ್ರಿ, ನಾನು ತಗೊಂಡೆ. ಪಾಪ ಎಲ್ಲಿ ಬಂತು? ಬೋಣಿ ಮಾಡ್ಸಿದ ಪುಣ್ಯಾನೂ ನಂದೇ. ಹೆಂಗೂ ಉಳಿದದ್ದೆಲ್ಲ ನನ್ನ ಹತ್ರಾನೇ ಬರ್ಬೇಕಲ್ಲ, ಚಾ ಕುಡಿ."

ಚಾ ಲೋಟದ ಅಂಚಿನಲ್ಲಿ ಅವನ ಬೆರಳಿನ ಎಣ್ಣೆ ಗುರುತಿತ್ತು. ಉಜು ಮುಟ್ಟಲಿಲ್ಲ. ಬಗ್ಗಿ ನೆಲದಿಂದ ಒಂದು ಹಿಡಿ ಲೇಬಲ್ ಬಾಚಿಕೊಂಡು ಹೊರಟ. ಹಿಂದೆ ನಗು ಕೇಳಿಸಿತು.

ಮನೆಗೆ ಬಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅದನ್ನು ಸುರಿದ. ಹೆಂಗಸರು ಮಿಷನ್ ನಿಲ್ಲಿಸಿದರು. ಯೋಯೋಹ್ ಒಂದನ್ನು ಎತ್ತಿಕೊಂಡಳು. ಬೆರಳಿಗೆ ಅಂಟಿತು. ತನ್ನ ಹೆಸರೇ ಆದರೂ ಥಟ್ಟನೆ ಬಿಟ್ಟು ಕೈಯನ್ನು ಉಟ್ಟ ಬಟ್ಟೆಯ ಅಂಚಿಗೆ ಒರೆಸಿಕೊಂಡಳು.

"ಅಮ್ಮ ಬೋಣಿ ಗಿರಾಕಿ ಮುಖ ನೋಡಿ ಕೊಡ್ತಿದ್ಲು," ಎಂದಳು. "ನಾನು ಮುಖಾನೇ ನೋಡ್ಲಿಲ್ಲ ಕಾಂಗ್."

ಅವತ್ತೇ ಉಜು ಕೆಟ್ಟುಹೋದ ಮದುವೆ ಬುಟ್ಟಿಯ ಜಾಹೀರಾತನ್ನು ಮುಚ್ಚಿದ. ಹೊಸದು ತೆರೆದು, ಬೆಳಕು ಹರಿಯುವವರೆಗೆ ಜಾಹೀರಾತು ಮಲಗಿರುವಂತೆ ಮಾಡಿದ. ಯಂತ್ರ ಮೊದಲಿನಿಂದ ಕಲಿಯಬೇಕಿತ್ತು, ಉಪವಾಸವೋ ಬಾಗಿಲಿಗೆ ಬಂದಿತ್ತು. ಯೋಯೋಹಳ ಬೋಣಿ ಫೋನು ಬಿಟ್ಟು ಮನೆಬಾಗಿಲಿಗೆ ಬಂತು. ಸೊಪ್ಪು ಮಾರುವ ಬಿಬಿ ಮಿಮಿನ್ ನಸುಕಿಗೇ ಬರುತ್ತಾಳೆ, ಉಳಿದ ತುಂಡಿನಲ್ಲಿ ಹೊಲಿದ ಒಂದು ಸಣ್ಣ ಚೀಲ ಕೊಳ್ಳುತ್ತಾಳೆ, ಒದ್ದೆ ನೋಟು ಕೊಡುತ್ತಾಳೆ. "ಉಪ್ಪಿಗೊಂದು, ಮೆಣಸಿಗೊಂದು, ನನ್ನ ಕಟ್ಟಿಸಿದ ಹಲ್ಲಿಗೂ ಒಂದು ಚೀಲ ಆಯ್ತು ಅಕ್ಕಾ, ಇನ್ನೇನು ತುಂಬ್ಲಿ?" ಎನ್ನುತ್ತಾಳೆ. ಯೋಯೋಹ್ ಆ ನೋಟನ್ನು ಬಟ್ಟೆಗಳಿಗೆಲ್ಲ ತಟ್ಟುತ್ತಾಳೆ.

ಹೊಸ ಬುಟ್ಟಿ ಮೊದಲ ವಾರ ಸತ್ತಂತಿತ್ತು. ಕೋಮಾರ್ ಮೊದಲಿಗಿಂತ ಕಡಿಮೆ ಬೆಲೆ ಹೇಳಿ ಕಳಿಸಿದ. ಕೊಡುವುದಿಲ್ಲ ಎಂದು ಯೋಯೋಹಳೇ ಹೇಳಿ ಕಳಿಸಿದಳು, ಉಜುವನ್ನು ಕೇಳಲೂ ಇಲ್ಲ. ಆಮೇಲೆ ಮಕಾಸ್ಸರ್‌ನಿಂದ ಒಂದು ಮದುವೆಯ ಆರ್ಡರು ಬಂತು, ಬಂಜರ್‌ಮಾಸಿನ್‌ನಿಂದ ಎರಡು. ನಿಧಾನವಾಗಿ ಬಂದವು. ಹಬ್ಬದ ಹೊತ್ತಿಗೆ ಅರ್ಧ ಕಪಾಟು ಉಳಿದೇ ಇತ್ತು. ಅದು ಕೊಳದ ಓಣಿಗೆ ಹೋಗಲಿಲ್ಲ. ಕೆಂಪು ಲೇಬಲ್ ಸಮೇತ ಅಲ್ಲೇ ತೂಗಿಕೊಂಡಿದೆ, ಮುಂದಿನ ಮದುವೆಗಳಿಗೆ.

ಉಜುಗೆ ಹೇಸಿಗೆ ಮಾತ್ರ ಹೋಗಿಲ್ಲ. ದಿನಾ ಬೆಳಿಗ್ಗೆ ಚರಂಡಿಯ ಕಲ್ಲು ಎತ್ತುವವನಂತೆ ಮುಖ ತಿರುಗಿಸಿ ಆ ಪುಟ ತೆರೆಯುತ್ತಾನೆ, ಗಿರಾಕಿಗಳು ಹುಡುಕುವ ಪದಗಳಲ್ಲಿ ಎರಡನ್ನು ತೆಗೆದು ಒಂದನ್ನು ಸೇರಿಸಿ ಮುಚ್ಚುತ್ತಾನೆ. ಆಮೇಲೆ ಸೋಪು ಹಾಕಿ ಕೈ ತೊಳೆದುಕೊಂಡು ಹುದುಗಿಸಿದ ಹಿಂಡಿ ಕುಟ್ಟಿ ಕಲಸಿದ ತುತುಗ್ ಒಂಚೊಮ್ ಅನ್ನಕ್ಕೆ ಕೂರುತ್ತಾನೆ.